ಅಜ್ಜಿಯ ಅಡುಗೆ ಪುಸ್ತಕ ಬ್ರೌಸರ್‌ನಲ್ಲಿ ಮುದ್ದೆಯಾಗುವುದು ಯಾಕೆ?

ಪ್ರಶ್ನೆ: ನಮ್ಮ ಅಜ್ಜಿ ಎರಡು ನೋಟ್‌ಬುಕ್ ತುಂಬ ಅಡುಗೆ ಬರೆದಿಟ್ಟಿದ್ದರು. ಅದನ್ನು ಟೈಪ್ ಮಾಡಿ, ಮನೆಯವರೆಲ್ಲ ಓದಲಿ ಅಂತ ವೆಬ್ ಪುಟ ಮಾಡುತ್ತಿದ್ದೇನೆ. ನಲವತ್ತು ಅಡುಗೆ ಇವೆ, ನಡುವೆ ಅವರು ಬೀಸುವಾಗ ಹೇಳುತ್ತಿದ್ದ ಕೆಲವು ಹಾಡು. ನೋಟ್‌ಪ್ಯಾಡ್‌ನಲ್ಲಿ ಸಾಲು ಸಾಲಾಗಿ ಚೆನ್ನಾಗಿದೆ, ಬ್ರೌಸರ್‌ನಲ್ಲಿ ತೆಗೆದರೆ ಎಲ್ಲ ಸೇರಿ ಒಂದೇ ಮುದ್ದೆ. ಪ್ರತಿ ಸಾಲಿನ ಕೊನೆಗೂ ಸಾಲು ಮುರಿಯುವ ಬಿ ಆರ್ ಟ್ಯಾಗ್ ಹಾಕಿದೆ. ಕಂಪ್ಯೂಟರ್‌ನಲ್ಲಿ ಸರಿಹೋಯಿತು, ಮೊಬೈಲ್‌ನಲ್ಲಿ ಸಾಲುಗಳೆಲ್ಲ ತುಂಡು ತುಂಡು. ಅಡುಗೆಯ ಹೆಸರುಗಳನ್ನು ದಪ್ಪ ಮಾಡಿ, ದೊಡ್ಡದು ಮಾಡಿ ಹಾಕಿದ್ದೇನೆ, ಮಗಳು ಅದು ತಪ್ಪು ಅನ್ನುತ್ತಾಳೆ. ಇನ್ನು ಎರಡು ಪುಟದಲ್ಲಂತೂ ಕನ್ನಡವೇ ಬರುತ್ತಿಲ್ಲ. ಕೋರ್ಸು ಗೀರ್ಸು ಮಾಡುವ ವಯಸ್ಸಲ್ಲ ನನ್ನದು. ಬೇಕಾದಷ್ಟು ಮಾತ್ರ ಹೇಳಿ.

ಉತ್ತರ: ಮಗಳು ಹೇಳಿದ್ದೇ ಸರಿ. ಬೇಜಾರು ಮಾಡಿಕೊಳ್ಳಬೇಡಿ, ಈ ತಪ್ಪನ್ನು ನಾನು ನಿಮಗಿಂತ ದೊಡ್ಡದಾಗಿ ಮಾಡಿದ್ದೇನೆ, ಅದನ್ನೂ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಟ್ಯಾಗ್ ಅಂದರೆ ಬರಹದ ಯಾವ ಭಾಗ ಏನು ಅಂತ ಬ್ರೌಸರ್‌ಗೆ ಹೇಳುವ ಗುರುತು. ಟ್ಯಾಗ್‌ಗಳ ಹೆಸರನ್ನು ಇಲ್ಲಿ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ. ಪಿ ಅಂದರೆ ಇಂಗ್ಲಿಷಿನ ಪಿ ಅಕ್ಷರ, ಅದರ ಎರಡೂ ಕಡೆ ಕೋನದ ಆವರಣ ಇದೆ ಅಂದುಕೊಳ್ಳಿ. ‘ಪಿ ಮುಚ್ಚು’ ಅಂದರೆ ಅದೇ ಟ್ಯಾಗು, ಆದರೆ ಅಕ್ಷರಕ್ಕಿಂತ ಮುಂಚೆ ಒಂದು ಓರೆ ಗೆರೆ. ನಿಮ್ಮ ಫೈಲಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು, ಕನ್ನಡದಲ್ಲಿ ಬರೆದರೆ ಬ್ರೌಸರ್‌ಗೆ ಅರ್ಥ ಆಗಲ್ಲ.

ಈಗ ಮುದ್ದೆಯ ವಿಷಯ. ನೀವು ಎಂಟರ್ ಒತ್ತಿ ಸಾಲು ಮುರಿದದ್ದನ್ನು ಬ್ರೌಸರ್ ಸಾಲು ಮುರಿದದ್ದು ಅಂತ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಂದು ಎಂಟರ್ ಆಗಲಿ, ಹತ್ತು ಎಂಟರ್ ಆಗಲಿ, ಟ್ಯಾಬ್ ಆಗಲಿ, ಇಪ್ಪತ್ತು ಸ್ಪೇಸ್ ಆಗಲಿ, ಅದಕ್ಕೆ ಎಲ್ಲವೂ ಒಂದೇ ಒಂದು ಸ್ಪೇಸ್. ಇದು ಬ್ರೌಸರ್‌ನ ದಡ್ಡತನ ಅಲ್ಲ, ಬೇಕಂತಲೇ ಮಾಡಿದ್ದು. ಕಾಗದದ ಮೇಲೆ ಬರೆದಾಗ ಸಾಲು ಎಲ್ಲಿ ಮುಗಿಯಬೇಕು ಅಂತ ಕಾಗದದ ಅಗಲ ಹೇಳುತ್ತದೆ. ವೆಬ್ ಪುಟಕ್ಕೆ ಕಾಗದವೇ ಇಲ್ಲವಲ್ಲ. ಒಬ್ಬರು ಟಿವಿಯಷ್ಟು ದೊಡ್ಡ ಮಾನಿಟರಿನಲ್ಲಿ ನೋಡುತ್ತಾರೆ, ಇನ್ನೊಬ್ಬರು ಅಡುಗೆಮನೆಯಲ್ಲಿ ಒಗ್ಗರಣೆ ಸೌಟು ಹಿಡಿದುಕೊಂಡು ಫೋನಿನಲ್ಲಿ ನೋಡುತ್ತಾರೆ. ಹಾಗಾಗಿ ಸಾಲು ಎಲ್ಲಿ ಮುರಿಯಬೇಕು ಅನ್ನುವುದು ಬ್ರೌಸರ್‌ನ ಕೆಲಸ. ನಿಮ್ಮ ಕೆಲಸ, ಇದು ಒಂದು ಪ್ಯಾರಾ, ಇದು ಒಂದು ತಲೆಬರಹ, ಇದು ಒಂದು ಪಟ್ಟಿ ಅಂತ ಅದಕ್ಕೆ ತಿಳಿಸುವುದು. ಅಷ್ಟೇ.

ಬಿ ಆರ್ ಹಾಕಿದಾಗ ಮೊಬೈಲ್‌ನಲ್ಲಿ ಹಾಳಾದದ್ದೂ ಇದಕ್ಕೇ. ನಿಮ್ಮ ಕಂಪ್ಯೂಟರಿನ ಅಗಲಕ್ಕೆ ಸರಿಯಾಗಿ ನೀವು ಸಾಲು ಮುರಿದಿರಿ. ಫೋನಿನ ಅಗಲ ಕಡಿಮೆ, ಆ ಸಾಲು ಅಲ್ಲಿ ಹಿಡಿಸುವುದಿಲ್ಲ. ಬ್ರೌಸರ್ ತಾನೇ ಒಂದು ಸಲ ಮುರಿಯುತ್ತದೆ, ಉಳಿದ ಎರಡು ಪದ ಕೆಳಗೆ ಬೀಳುತ್ತದೆ, ಅಷ್ಟರಲ್ಲಿ ನಿಮ್ಮ ಬಿ ಆರ್ ಬಂದು ಮತ್ತೆ ಮುರಿಯುತ್ತದೆ. ಒಂದು ಉದ್ದ ಸಾಲು, ಒಂದು ಮೋಟು ಸಾಲು, ಮತ್ತೆ ಉದ್ದ, ಮತ್ತೆ ಮೋಟು. ನೀವು ನೋಡಿದ್ದು ಇದನ್ನೇ ಅಲ್ವಾ?

ಎಚ್‌ಟಿಎಂಎಲ್ ಅಂದರೆ ಈ ಟ್ಯಾಗ್‌ಗಳ ಭಾಷೆ, ಅದು ಹುಟ್ಟಿದ್ದೇ ಹೀಗೆ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ಟ್ಯಾಗ್‌ಗಳ ಒಂದು ಪುಟ್ಟ ಪಟ್ಟಿ ಮಾಡಿದರು, ಎಲ್ಲ ಸೇರಿ 18. ಅದರಲ್ಲಿ ತಲೆಬರಹ ಇತ್ತು, ಪ್ಯಾರಾ ಇತ್ತು, ಪಟ್ಟಿ ಇತ್ತು, ಲಿಂಕ್ ಇತ್ತು. ಬಣ್ಣಕ್ಕೆ, ಫಾಂಟಿಗೆ ಒಂದು ಟ್ಯಾಗೂ ಇರಲಿಲ್ಲ. ಆಮೇಲೆ ಬ್ರೌಸರ್ ಕಂಪನಿಗಳು ಪೈಪೋಟಿಗೆ ಬಿದ್ದು ಮಿನುಗುವ ಅಕ್ಷರ, ಓಡುವ ಅಕ್ಷರ, ಫಾಂಟ್ ಟ್ಯಾಗ್ ಅಂತ ಒಂದೊಂದೇ ಸೇರಿಸುತ್ತಾ ಹೋದವು. 1997ರ ಎಚ್‌ಟಿಎಂಎಲ್ 3.2ರಲ್ಲಿ ಫಾಂಟ್ ಟ್ಯಾಗಿಗೆ ಅಧಿಕೃತ ಜಾಗವೂ ಸಿಕ್ಕಿತು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿ ಅದನ್ನು ಬಳಸಬೇಡಿ ಅಂತ ಹೇಳಿತು, ಯಾಕೆಂದರೆ ಅಷ್ಟರಲ್ಲಿ ಅಂದಚಂದ ನೋಡಿಕೊಳ್ಳಲು ಸಿಎಸ್‌ಎಸ್ ಬಂದಿತ್ತು. 2014ರ ಎಚ್‌ಟಿಎಂಎಲ್5ರಲ್ಲಿ ಫಾಂಟ್, ಬರಹವನ್ನು ನಡುವೆ ನಿಲ್ಲಿಸುವ ಸೆಂಟರ್ ಎರಡನ್ನೂ ಪೂರ್ತಿ ತೆಗೆದುಹಾಕಿದರು. ಹಳೆಯ ಪುಟಗಳು ಒಡೆಯಬಾರದು ಅಂತ ಬ್ರೌಸರ್‌ಗಳು ಈಗಲೂ ಅವನ್ನು ಸಹಿಸಿಕೊಳ್ಳುತ್ತವೆ. ಅದಕ್ಕೇ ನಿಮಗೆ ‘ಕೆಲಸ ಮಾಡ್ತಿದೆಯಲ್ಲ’ ಅನಿಸುವುದು.

ನನ್ನ ಕಥೆ ಇಲ್ಲಿ ಬರುತ್ತದೆ. ತುಂಬಾ ಹಿಂದೆ ಒಂದು ಸಂಘದ ಸ್ಮರಣ ಸಂಚಿಕೆಯನ್ನು ವೆಬ್ ಪುಟಗಳಾಗಿ ಮಾಡಿಕೊಟ್ಟಿದ್ದೆ. ನೂರಕ್ಕೂ ಜಾಸ್ತಿ ಪುಟ. ಪ್ರತಿ ಲೇಖನದ ತಲೆಬರಹಕ್ಕೂ ಫಾಂಟ್ ಟ್ಯಾಗ್, ಸೈಜು 5, ಬಣ್ಣ ಕುಂಕುಮದ ಕೆಂಪು, ಒಳಗೆ ದಪ್ಪ ಮಾಡುವ ಬಿ ಟ್ಯಾಗ್, ಮೇಲೆ ಕೆಳಗೆ ನಾಲ್ಕು ನಾಲ್ಕು ಬಿ ಆರ್. ಕೊಡುವ ಹಿಂದಿನ ದಿನ ಅಧ್ಯಕ್ಷರು ನೋಡಿ ‘ಕೆಂಪು ಕಣ್ಣಿಗೆ ಹೊಡೆಯುತ್ತದೆ, ನೀಲಿ ಮಾಡಿ’ ಅಂದರು. ಹುಡುಕಿ ಬದಲಾಯಿಸುವ ಸೌಲಭ್ಯ ಬಳಸಿದೆ. ಒಳಗೆ ಕೆಂಪು ಮಾಡಿದ್ದ ಬೇರೆ ಪದಗಳೆಲ್ಲ ನೀಲಿಯಾದವು. ಯಾವುದು ತಲೆಬರಹ, ಯಾವುದು ಸುಮ್ನೆ ಕೆಂಪು ಪದ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ನಾನು ಹೇಳಿಯೇ ಇರಲಿಲ್ಲವಲ್ಲ. ಆ ರಾತ್ರಿ ನಿದ್ದೆ ಇಲ್ಲ.

ತಲೆಬರಹದ ಟ್ಯಾಗ್ ಎಚ್2 ಅಂತ ಬರೆದಿದ್ದರೆ ಸಿಎಸ್‌ಎಸ್‌ನಲ್ಲಿ ಒಂದು ಸಾಲು ಬದಲಾಯಿಸಿದ್ದರೆ ಸಾಕಿತ್ತು.

ಸರಿ, ಈಗ ನಿಮ್ಮ ಒಂದು ಅಡುಗೆಯನ್ನೇ ತೆಗೆದುಕೊಳ್ಳೋಣ. ದೊಡ್ಡಪತ್ರೆ ತಂಬುಳಿ ಅಂದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಅಜ್ಜಿ ಮೇಲೆ ಹೆಸರು ಬರೆದು ಅಡಿಗೆರೆ ಎಳೆದಿರುತ್ತಾರೆ, ಕೆಳಗೆ ಸಾಮಾನು, ಅದರ ಕೆಳಗೆ ಮಾಡುವ ಕ್ರಮ, ಕೊನೆಗೆ ಒಂದು ಎಚ್ಚರಿಕೆ. ಓದುವವರಿಗೆ ಇದೆಲ್ಲ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾವು ಟ್ಯಾಗ್ ಹಾಕುವುದು ಅಂದರೆ ಆ ಗೊತ್ತಾಗುವುದನ್ನೇ ಬಾಯಿಬಿಟ್ಟು ಹೇಳುವುದು. ಎಚ್2, ಎಚ್3 ತಲೆಬರಹ, ಪಿ ಪ್ಯಾರಾ, ಯು ಎಲ್ ಮತ್ತು ಓ ಎಲ್ ಪಟ್ಟಿ, ಎಲ್ ಐ ಪಟ್ಟಿಯೊಳಗಿನ ಒಂದೊಂದು ಅಂಶ. ಫೋನಿನಲ್ಲಿ ಹೇಳಿ ಬರೆಸುತ್ತಿದ್ದರೆ ಹೀಗೆ ಹೇಳುತ್ತಿದ್ದೆ:

ಎಚ್2, ದೊಡ್ಡಪತ್ರೆ ತಂಬುಳಿ, ಎಚ್2 ಮುಚ್ಚು.
ಪಿ, ಮಳೆಗಾಲದಲ್ಲಿ ಶೀತ ಆದಾಗ ಮಾಡುವುದು, ಪಿ ಮುಚ್ಚು.
ಎಚ್3, ಬೇಕಾಗುವ ಸಾಮಾನು, ಎಚ್3 ಮುಚ್ಚು.
ಯು ಎಲ್.
ಎಲ್ ಐ, ದೊಡ್ಡಪತ್ರೆ ಎಲೆ ಹತ್ತು ಹನ್ನೆರಡು, ಎಲ್ ಐ ಮುಚ್ಚು.
ಎಲ್ ಐ, ಜೀರಿಗೆ 1 ಚಮಚ, ಎಲ್ ಐ ಮುಚ್ಚು.
ಹೀಗೇ ಕಾಳುಮೆಣಸು, ಕಾಯಿತುರಿ, ತುಪ್ಪ, ಮಜ್ಜಿಗೆ, ಉಪ್ಪು. ಆಮೇಲೆ ಯು ಎಲ್ ಮುಚ್ಚು.
ಎಚ್3, ಮಾಡುವ ಕ್ರಮ, ಎಚ್3 ಮುಚ್ಚು.
ಓ ಎಲ್.
ಎಲ್ ಐ, ಎಲೆ, ಜೀರಿಗೆ, ಮೆಣಸು ತುಪ್ಪದಲ್ಲಿ ಬಾಡಿಸಿ, ಎಲ್ ಐ ಮುಚ್ಚು.
ಎಲ್ ಐ, ತಣ್ಣಗಾದ ಮೇಲೆ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎಲ್ ಐ ಮುಚ್ಚು.
ಎಲ್ ಐ, ಮಜ್ಜಿಗೆ, ಉಪ್ಪು ಸೇರಿಸಿ ಒಗ್ಗರಣೆ ಕೊಡಿ, ಎಲ್ ಐ ಮುಚ್ಚು.
ಓ ಎಲ್ ಮುಚ್ಚು.
ಪಿ, ಸ್ಟ್ರಾಂಗ್, ಕುದಿಸಬಾರದು, ಸ್ಟ್ರಾಂಗ್ ಮುಚ್ಚು, ಮಜ್ಜಿಗೆ ಒಡೆಯುತ್ತದೆ, ಪಿ ಮುಚ್ಚು.

ನಿಮಗೆ ಬೇಕಾದ ಎಚ್‌ಟಿಎಂಎಲ್‌ನ ಮುಕ್ಕಾಲು ಪಾಲು ಇಷ್ಟರಲ್ಲೇ ಬಂತು. ಇನ್ನು ಒಂದೊಂದಾಗಿ ಎಲ್ಲಿ ಎಡವುತ್ತೇವೆ ಅಂತ ನೋಡೋಣ.

ತಲೆಬರಹ ಎಚ್1ರಿಂದ ಎಚ್6ರವರೆಗೆ ಇವೆ. ಸಂಖ್ಯೆ ಗಾತ್ರದ್ದಲ್ಲ, ಮಟ್ಟದ್ದು. ಪುಟಕ್ಕೆ ಒಂದು ಎಚ್1, ‘ಅಜ್ಜಿಯ ಅಡುಗೆ’ ಅಂತ. ಪ್ರತಿ ಅಡುಗೆಗೆ ಎಚ್2. ಅದರೊಳಗಿನ ‘ಬೇಕಾಗುವ ಸಾಮಾನು’ ಎಚ್3. ತುಂಬಾ ಜನ ಮಾಡುವ ತಪ್ಪು ಏನೆಂದರೆ, ಎಚ್2 ಜಾಸ್ತಿ ದೊಡ್ಡದಾಗಿ ಕಾಣುತ್ತದೆ ಅಂತ ಸುಮ್ನೆ ಎಚ್4 ಹಾಕುವುದು. ದೊಡ್ಡದಾದರೆ ಸಿಎಸ್‌ಎಸ್‌ನಲ್ಲಿ ಚಿಕ್ಕದು ಮಾಡಿ, ಮಟ್ಟ ಬದಲಾಯಿಸಬೇಡಿ.

ದಪ್ಪ ಅಕ್ಷರವೇ ತಲೆಬರಹದ ಹಾಗೆ ಕಾಣುವಾಗ ಎಚ್2 ಯಾಕೆ ಬೇಕು ಅಂತ ನಾನೂ ಎಷ್ಟೋ ವರ್ಷ ಅಂದುಕೊಂಡಿದ್ದೆ. ನನ್ನ ಗೆಳೆಯರೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಅವರು ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಬಳಸುತ್ತಾರೆ, ಅದು ಪರದೆಯಲ್ಲಿ ಇರುವುದನ್ನು ಓದಿ ಹೇಳುತ್ತದೆ. ನಾನು ಮಾಡಿದ ಒಂದು ಪುಟವನ್ನು ಹೆಮ್ಮೆಯಿಂದ ಅವರ ಮುಂದೆ ಇಟ್ಟೆ. ಅವರು ಕೀಬೋರ್ಡಿನಲ್ಲಿ ಎಚ್ ಕೀ ಒತ್ತಿದರು. ಅದು ಮುಂದಿನ ತಲೆಬರಹಕ್ಕೆ ಹಾರುವ ಕೀ, ನಾವು ಪುಟದ ಮೇಲೆ ಕಣ್ಣಾಡಿಸುತ್ತೇವಲ್ಲ, ಅವರಿಗೆ ಅದೇ ಕಣ್ಣಾಡಿಸುವುದು. ಮುಂದೆ ತಲೆಬರಹ ಇಲ್ಲ ಅಂತ ಅದು ಹೇಳಿತು. ಮತ್ತೆ ಒತ್ತಿದರು, ಮತ್ತೆ ಅದೇ ಮಾತು. ಪುಟದಲ್ಲಿ ಹನ್ನೆರಡು ‘ತಲೆಬರಹ’ ನನ್ನ ಕಣ್ಣಿಗೆ ಕಾಣುತ್ತಿದ್ದವು, ಎಲ್ಲವೂ ಬರೀ ದಪ್ಪ ಅಕ್ಷರ. ಅವರು ಏನೂ ಅನ್ನಲಿಲ್ಲ, ಮೇಲಿನಿಂದ ಒಂದೊಂದೇ ಸಾಲು ಕೇಳುತ್ತಾ ಹೋದರು. ನನಗೇ ನಾಚಿಕೆಯಾಯಿತು. ನಲವತ್ತು ಅಡುಗೆಯಲ್ಲಿ ಮೂವತ್ತೆಂಟನೆಯದು ಬೇಕಾದವರು ಮೊದಲ ಮೂವತ್ತೇಳನ್ನೂ ಕೇಳಬೇಕಾ? ಹುಡುಕುವ ಗೂಗಲ್‌ನಂಥವಕ್ಕೂ ಪುಟದಲ್ಲಿ ಏನಿದೆ ಅನ್ನುವುದಕ್ಕೆ ತಲೆಬರಹ ಒಂದು ಸುಳಿವು.

ಪ್ಯಾರಾ ಸುಲಭ. ಒಂದೇ ಎಚ್ಚರ, ಪಿ ಒಳಗೆ ಪಟ್ಟಿ ಇಡಬೇಡಿ. ಪಿ ತೆರೆದು, ಮುಚ್ಚದೆ ಯು ಎಲ್ ಶುರುಮಾಡಿದರೆ ಬ್ರೌಸರ್ ನಿಮ್ಮನ್ನು ಕೇಳದೆ ಪಿಯನ್ನು ಅಲ್ಲೇ ಮುಚ್ಚಿಬಿಡುತ್ತದೆ. ಆಮೇಲೆ ನೀವು ಹಾಕಿದ ‘ಪಿ ಮುಚ್ಚು’ ಅನಾಥವಾಗಿ ಉಳಿದು, ಕೆಳಗೆ ಯಾಕೋ ಖಾಲಿ ಜಾಗ ಬಂತಲ್ಲ ಅಂತ ನೀವು ತಲೆ ಕೆರೆದುಕೊಳ್ಳುತ್ತೀರಿ. ಎರಡು ಪ್ಯಾರಾ ನಡುವೆ ಜಾಗ ಜಾಸ್ತಿ ಬೇಕು ಅಂತ ಖಾಲಿ ಪಿ ಹಾಕುವುದೂ ಬೇಡ, ಅದು ಸಿಎಸ್‌ಎಸ್‌ನ ಮಾರ್ಜಿನ್ ಕೆಲಸ.

ಪಟ್ಟಿಯಲ್ಲಿ ಯು ಎಲ್ಲೋ ಓ ಎಲ್ಲೋ ಅಂತ ಅನುಮಾನ ಬಂದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕ್ರಮ ಅದಲು ಬದಲಾದರೆ ಅಡುಗೆ ಕೆಡುತ್ತದಾ? ಜೀರಿಗೆ ಮೊದಲು ಬರೆದರೂ ಉಪ್ಪು ಮೊದಲು ಬರೆದರೂ ಸಾಮಾನು ಅದೇ, ಹಾಗಾಗಿ ಯು ಎಲ್. ರುಬ್ಬುವ ಮುಂಚೆ ಒಗ್ಗರಣೆ ಕೊಡಲು ಆಗಲ್ಲ, ಹಾಗಾಗಿ ಓ ಎಲ್. ಸಂಖ್ಯೆಯನ್ನು ನೀವು ಟೈಪ್ ಮಾಡಬೇಡಿ, ಬ್ರೌಸರ್ ತಾನೇ ಹಾಕುತ್ತದೆ, ನಡುವೆ ಒಂದು ಹಂತ ಸೇರಿಸಿದರೆ ತಾನೇ ಸರಿಮಾಡಿಕೊಳ್ಳುತ್ತದೆ. ಇನ್ನೊಂದು ಖುಷಿಯ ವಿಷಯ, ಸಿಎಸ್‌ಎಸ್‌ನಲ್ಲಿ ಲಿಸ್ಟ್-ಸ್ಟೈಲ್-ಟೈಪ್ ಅನ್ನುವುದಕ್ಕೆ ‘ಕನ್ನಡ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಂಖ್ಯೆಗಳು ೧, ೨, ೩ ಅಂತ ಕನ್ನಡ ಅಂಕಿಯಲ್ಲೇ ಬರುತ್ತವೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಜ್ಜಿಯ ನೋಟ್‌ಬುಕ್ಕಿನಲ್ಲಿ ಕನ್ನಡ ಅಂಕಿ ಇದ್ದರೆ ಖಂಡಿತ ಹಾಕಿ.

ಮೂರನೆಯ ಪಟ್ಟಿ ಒಂದಿದೆ, ಡಿ ಎಲ್ ಅಂತ. ಯಾರೂ ಅದರ ತಂಟೆಗೆ ಹೋಗುವುದಿಲ್ಲ, ಆದರೆ ನಿಮಗೆ ಬೇಕಾಗುತ್ತದೆ. ಅಜ್ಜಿ ಸೇರು, ಪಾವು, ಚಟಾಕು ಅಂತ ಬರೆದಿರುತ್ತಾರೆ, ಮೊಮ್ಮಕ್ಕಳಿಗೆ ಅರ್ಥ ಆಗಲ್ಲ. ಡಿ ಟಿ ಒಳಗೆ ‘ಪಾವು’, ಡಿ ಡಿ ಒಳಗೆ ‘ಸೇರಿನ ಕಾಲು ಭಾಗ’. ಮತ್ತೆ ಡಿ ಟಿ, ‘ಅಚ್ಚೇರು’, ಡಿ ಡಿ, ‘ಅರ್ಧ ಸೇರು’. ಪದ ಮತ್ತು ಅರ್ಥ ಜೋಡಿಯಾಗಿ ಬರುವ ಕಡೆಯೆಲ್ಲ ಇದು.

ಈಗ ಒತ್ತು ಕೊಡುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪುಸ್ತಕಗಳು ಇಂಗ್ಲಿಷಿಗೆ ಹೇಳಿದ್ದು ಕನ್ನಡಕ್ಕೆ ಹಾಗೇ ಹೊಂದುವುದಿಲ್ಲ. ಸ್ಟ್ರಾಂಗ್ ಅಂದರೆ ‘ಇದು ಮುಖ್ಯ, ತಪ್ಪಿಸಬೇಡಿ’ ಅಂತ. ಕುದಿಸಬಾರದು ಅನ್ನುವುದಕ್ಕೆ ಅದು ಸರಿ. ಬಿ ಅಂದರೆ ಸುಮ್ನೆ ಕಣ್ಣಿಗೆ ಬೀಳಲಿ ಅಂತ, ಮುಖ್ಯ ಅಂತೇನಲ್ಲ. ಎರಡೂ ದಪ್ಪವಾಗಿಯೇ ಕಾಣುತ್ತವೆ. ಇ ಎಂ ಅಂದರೆ ಮಾತಿನಲ್ಲಿ ಒಂದು ಪದದ ಮೇಲೆ ಒತ್ತು ಹಾಕುವುದು, ಅದು ಓರೆ ಅಕ್ಷರವಾಗಿ ಕಾಣುತ್ತದೆ. ಐ ಕೂಡ ಓರೆಯೇ, ಬೇರೆ ಭಾಷೆಯ ಪದ, ಗಿಡದ ಶಾಸ್ತ್ರೀಯ ಹೆಸರು ಇಂಥದ್ದಕ್ಕೆ.

ಆದರೆ ಕನ್ನಡದಲ್ಲಿ ಓರೆ ಅಕ್ಷರ ಎಲ್ಲಿತ್ತು? ನಮ್ಮ ಅಚ್ಚಿಗೂ ಬರಹಕ್ಕೂ ಆ ಅಭ್ಯಾಸ ಇಲ್ಲ. ಹೆಚ್ಚಿನ ಕನ್ನಡ ಫಾಂಟಿನಲ್ಲಿ ಓರೆ ಅಕ್ಷರ ಬರೆದೇ ಇರುವುದಿಲ್ಲ, ಬ್ರೌಸರ್ ನೆಟ್ಟಗಿರುವ ಅಕ್ಷರವನ್ನೇ ಹಿಡಿದು ಒಂದು ಕಡೆ ತಳ್ಳಿ ಬಗ್ಗಿಸುತ್ತದೆ. ಗುಂಡಗಿನ ಅಕ್ಷರ ಬಗ್ಗಿದರೆ ಮಳೆಗೆ ವಾಲಿದ ಬೇಲಿ ಕಂಬದ ಹಾಗಿರುತ್ತದೆ. ಅದೂ ಅಲ್ಲದೆ ಇಂಗ್ಲಿಷಿನವರು ಓರೆ ಮಾಡಿ ತೋರಿಸುವ ಒತ್ತನ್ನು ನಾವು ಒಂದು ಏಕಾರದಲ್ಲಿ ಮುಗಿಸುತ್ತೇವೆ. ‘ತಣ್ಣಗಾದ ಮೇಲೇ ರುಬ್ಬಿ’, ‘ತುಪ್ಪದಲ್ಲೇ ಬಾಡಿಸಿ’. ಇನ್ನು ಇ ಎಂ ಹಾಕಿ ಏನು ಮಾಡಬೇಕು? ನಾನು ಕನ್ನಡ ಪುಟಗಳಲ್ಲಿ ಅದನ್ನು ಬಳಸುವುದು ತೀರಾ ಕಡಿಮೆ. ಬಳಸಿದರೂ ಸಿಎಸ್‌ಎಸ್‌ನಲ್ಲಿ ಫಾಂಟ್-ಸ್ಟೈಲ್ ನಾರ್ಮಲ್ ಅಂತ ಮಾಡಿ, ಬಣ್ಣವೋ ತುಸು ದಪ್ಪವೋ ಕೊಡುತ್ತೇನೆ.

ದಪ್ಪವನ್ನೂ ಮಿತವಾಗಿ ಬಳಸಿ. ದಪ್ಪದ ಅಚ್ಚು ಇಲ್ಲದ ಫಾಂಟಾದರೆ ಬ್ರೌಸರ್ ಅದನ್ನೂ ತಾನೇ ಉಬ್ಬಿಸುತ್ತದೆ, ಚಿಕ್ಕ ಅಕ್ಷರದಲ್ಲಿ ಒತ್ತಕ್ಷರಗಳು ಮಸಿ ಮೆತ್ತಿದ ಹಾಗೆ ಕಾಣುತ್ತವೆ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟಿನಲ್ಲಿ ದಪ್ಪದ ಅಚ್ಚು ಬೇರೆಯಾಗಿಯೇ ಇದೆ, ಅದನ್ನು ಹಾಕಿ. ಇನ್ನು ಅಡಿಗೆರೆ ಬೇಡವೇ ಬೇಡ. ವೆಬ್‌ನಲ್ಲಿ ಅಡಿಗೆರೆ ಕಂಡರೆ ಜನ ಲಿಂಕ್ ಅಂತ ಒತ್ತುತ್ತಾರೆ, ನಮ್ಮ ಒತ್ತಕ್ಷರಗಳಿಗೂ ಅದಕ್ಕೂ ಜಗಳ. ಅಜ್ಜಿ ಹೆಸರಿನ ಕೆಳಗೆ ಗೆರೆ ಎಳೆದದ್ದು ನೆನಪಿಗೆ ಬೇಕು ಅಂದರೆ ಎಚ್2ಗೆ ಸಿಎಸ್‌ಎಸ್‌ನಲ್ಲಿ ಕೆಳ ಬಾರ್ಡರ್ ಕೊಡಿ, ಗೆರೆ ಅಕ್ಷರಕ್ಕೆ ತಾಗದೆ ಕೆಳಗೆ ನಿಲ್ಲುತ್ತದೆ. ವಾಟ್ಸಾಪ್ ಅಭ್ಯಾಸದಲ್ಲಿ ಪದದ ಎರಡು ಕಡೆ ನಕ್ಷತ್ರ ಹಾಕುವವರೂ ಇದ್ದಾರೆ, ಇಲ್ಲಿ ಅದು ನಕ್ಷತ್ರವಾಗಿಯೇ ಉಳಿಯುತ್ತದೆ.

ಹಾಡುಗಳಿಗೆ ಬರೋಣ. ಬಿ ಆರ್ ಟ್ಯಾಗ್ ಇರುವುದೇ ಹಾಡು, ವಿಳಾಸ ಇಂಥದ್ದಕ್ಕೆ. ಅಲ್ಲಿ ಸಾಲು ಮುರಿಯುವುದು ಅರ್ಥದ ಭಾಗ. ಬೀಸುವ ಪದ ಹೆಚ್ಚಾಗಿ ತ್ರಿಪದಿ, ಮೂರು ಸಾಲಿಗೆ ಒಂದು ಪದ್ಯ. ಮೂರು ಸಾಲಿಗೂ ಸೇರಿ ಒಂದು ಪಿ, ಮೊದಲ ಮತ್ತು ಎರಡನೆಯ ಸಾಲಿನ ಕೊನೆಗೆ ಬಿ ಆರ್, ಮೂರನೆಯದಕ್ಕೆ ಬೇಡ. ಮುಂದಿನ ಪದ್ಯಕ್ಕೆ ಹೊಸ ಪಿ. ಹಾಡು ತುಂಬಾ ಇದ್ದು ಬಿ ಆರ್ ಹಾಕಿ ಕೈ ನೋಯುತ್ತದೆ ಅಂದರೆ ಆ ಪಿಗಳಿಗೆ ಕ್ಲಾಸ್ ಅಂತ ಒಂದು ಹೆಸರು ಕೊಟ್ಟು, ಸಿಎಸ್‌ಎಸ್‌ನಲ್ಲಿ ವೈಟ್-ಸ್ಪೇಸ್ ಪ್ರೀ-ಲೈನ್ ಅಂತ ಬರೆಯಿರಿ. ಆಗ ನೀವು ಎಂಟರ್ ಒತ್ತಿದ ಕಡೆ ಸಾಲು ಮುರಿಯುತ್ತದೆ. ಪ್ರೀ ಅನ್ನುವ ಟ್ಯಾಗೂ ಇದೆ, ಎಂಟರ್, ಸ್ಪೇಸ್ ಎಲ್ಲ ಇದ್ದ ಹಾಗೇ ತೋರಿಸುತ್ತದೆ, ನಿಮಗೆ ಯಾರಾದರೂ ಅದನ್ನೇ ಹೇಳಿಯೂ ಹೇಳುತ್ತಾರೆ. ಕೇಳಬೇಡಿ. ಅದು ಪ್ರೋಗ್ರಾಂ ಬರೆಯುವವರಿಗೆ. ಉದ್ದ ಸಾಲನ್ನು ಅದು ಮಡಚುವುದಿಲ್ಲ, ಫೋನಿನಲ್ಲಿ ಪರದೆ ದಾಟಿ ಆಚೆ ಹೋಗುತ್ತದೆ.

ಅಜ್ಜಿಯ ಮಾತನ್ನೇ ಇದ್ದ ಹಾಗೆ ಹಾಕುವ ಕಡೆ ಬ್ಲಾಕ್‌ಕೋಟ್ ಬಳಸಿ. ಅದು ಸ್ವಲ್ಪ ಒಳಗೆ ಸರಿದು ಕಾಣುತ್ತದೆ. ಹಾಗಂತ ಸುಮ್ನೆ ಒಳಗೆ ಸರಿಸಲು ಅದನ್ನು ಬಳಸಬೇಡಿ.

ಈಗ ಕನ್ನಡವೇ ಬರದ ಎರಡು ಪುಟ. ಇದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ, ಔಷಧಿಯೂ ಬೇರೆ. ಪುಟ ತೆಗೆದು ಕಸವನ್ನು ಸರಿಯಾಗಿ ನೋಡಿ. ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟದಾಗಿ ಮೇಲೆ ಕೂತ 2 ಅಥವಾ 3, ಇವೇ ಮತ್ತೆ ಮತ್ತೆ ಬರುತ್ತಿವೆಯಾ? ಹಾಗಾದರೆ ನಿಮ್ಮ ಬರಹ ಸರಿಯಾಗಿಯೇ ಇದೆ. ಯುನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ, ಬೈಟ್ ಅಂದರೆ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ಒಂದು ತುಣುಕು. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟ್ ಬೇಕು. ‘ಕ್ಷ’ ಅಂದರೆ ಕ, ಹಲಂತದ ಚಿಹ್ನೆ, ಷ, ಒಟ್ಟು 9 ಬೈಟ್. ಬ್ರೌಸರ್‌ಗೆ ಇದು ಯುಟಿಎಫ್-8 ಅಂತ ಹೇಳದಿದ್ದರೆ ಅದು ಒಂದೊಂದು ಬೈಟನ್ನೂ ಒಂದೊಂದು ಪಾಶ್ಚಾತ್ಯ ಅಕ್ಷರ ಅಂತ ಓದಿಬಿಡಬಹುದು. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ, ಅದೇ ಆ ಗೆರೆಯ ಎ. ಎರಡನೆಯ ಬೈಟಿಗೆ ಎರಡೇ ಸಾಧ್ಯತೆ, ಅದೇ ಆ ಪುಟ್ಟ 2, 3. ಇದಕ್ಕೆ ಮದ್ದು, ಫೈಲಿನ ಮೇಲ್ಭಾಗದಲ್ಲಿರುವ ಹೆಡ್ ಟ್ಯಾಗ್ ಒಳಗೆ ಎಲ್ಲಕ್ಕಿಂತ ಮೇಲೆ ಮೆಟಾ ಚಾರ್‌ಸೆಟ್ ಯುಟಿಎಫ್-8 ಅನ್ನುವ ಒಂದು ಸಾಲು. ಅದು ಫೈಲಿನ ಮೊದಲ 1024 ಬೈಟ್ ಒಳಗೇ ಇರಬೇಕು, ಅದಕ್ಕೇ ಟೈಟಲ್‌ಗಿಂತ ಮೊದಲು ಹಾಕಿ ಅನ್ನುವುದು. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗಲೂ ಯುಟಿಎಫ್-8 ಅಂತಲೇ ಉಳಿಸಿ.

ಹಾಗಲ್ಲದೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಲಸುಮೇಲೋಗರವಾಗಿ ಬಂದು, ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತಿದ್ದರೆ, ಅದು ಎರಡನೆಯ ಕಾಯಿಲೆ. ಅಲ್ಲಿ ಒಳಗೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಕ್ಕೆ ಫಾಂಟು ಕನ್ನಡದ ವೇಷ ಹಾಕಿದೆ. ಎಷ್ಟು ಮೆಟಾ ಸಾಲು ಹಾಕಿದರೂ ಪ್ರಯೋಜನ ಇಲ್ಲ, ಯುನಿಕೋಡ್‌ಗೆ ಪರಿವರ್ತನೆ ಮಾಡಲೇಬೇಕು.

ಹೆಡ್‌ಗೆ ಕೈ ಹಾಕಿದ್ದೀರಿ ಅಂದಮೇಲೆ ಇನ್ನೂ ಮೂರು ಕೆಲಸ ಅಲ್ಲೇ ಆಸುಪಾಸಿನಲ್ಲಿ ಮುಗಿಸಿ. ಫೈಲಿನ ಮೊದಲ ಸಾಲಿನಲ್ಲಿ, ಇದು ಎಚ್‌ಟಿಎಂಎಲ್ ಪುಟ ಅಂತ ಹೇಳುವ ಡಾಕ್‌ಟೈಪ್ ಇರಲಿ, ಇಲ್ಲದಿದ್ದರೆ ಬ್ರೌಸರ್ ಹಳೇ ಕಾಲದ ಲೆಕ್ಕಕ್ಕೆ ಹೋಗುತ್ತದೆ. ಮೆಟಾ ವ್ಯೂಪೋರ್ಟ್ ಸಾಲು ಹಾಕಿ, ಇಲ್ಲದಿದ್ದರೆ ಫೋನು ಇಡೀ ಪುಟವನ್ನು ಕುಗ್ಗಿಸಿ ಇರುವೆ ಸಾಲಿನ ಹಾಗೆ ತೋರಿಸುತ್ತದೆ. ಮತ್ತೆ ಎಚ್‌ಟಿಎಂಎಲ್ ಟ್ಯಾಗಿನಲ್ಲೇ ಲ್ಯಾಂಗ್ ಅಂತ ಕೊಟ್ಟು ಕೆ ಎನ್ ಅಂತ ಬರೆಯಿರಿ. ಕೆ ಎನ್ ಅಂದರೆ ಕನ್ನಡ. ಓದಿ ಹೇಳುವ ತಂತ್ರಾಂಶ ಕನ್ನಡದ ಧ್ವನಿ ಆರಿಸಿಕೊಳ್ಳಲು ಇದನ್ನೇ ನೋಡುತ್ತದೆ. ಎಷ್ಟೋ ಕನ್ನಡ ಪುಟಗಳಲ್ಲಿ ಇ ಎನ್ ಅಂತ ಇರುತ್ತದೆ, ಎಲ್ಲಿಂದಲೋ ನಕಲು ಹೊಡೆದದ್ದು, ಆಗ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೋಗಿ ಒದ್ದಾಡುತ್ತದೆ.

ಸಣ್ಣ ಸಣ್ಣ ವಿಷಯ ಕೆಲವಿವೆ, ಆದರೆ ಓದುವವರಿಗೆ ಇವೇ ಕಾಣುವುದು. ‘2 ಚಮಚ’ ಅಂತ ಬರೆದಾಗ 2 ಒಂದು ಸಾಲಿನ ಕೊನೆಗೆ, ಚಮಚ ಮುಂದಿನ ಸಾಲಿಗೆ ಹೋಗಬಹುದು. ನಡುವೆ ಸ್ಪೇಸ್ ಬದಲು ಆಂಪರ್ಸಂಡ್ (& ಚಿಹ್ನೆ), ಎನ್ ಬಿ ಎಸ್ ಪಿ, ಸೆಮಿಕೋಲನ್ ಹಾಕಿದರೆ ಎರಡೂ ಅಂಟಿಕೊಂಡೇ ಇರುತ್ತವೆ. ಇದನ್ನೇ ಹತ್ತು ಸಲ ಹಾಕಿ ಜಾಗ ಮಾಡುವುದು ಬೇಡ, ಹಾಗೆ ಮಾಡಬೇಕು ಅಂತ ನಿಮಗೆ ಈಗ ಅನಿಸಿತು ಅಲ್ವಾ? ಇನ್ನೊಂದು, ‘ಕುಕ್ಕರ್‌ನಲ್ಲಿ’ ಅಂತ ಬರೆಯಬೇಕಾದ ಕಡೆ ‘ಕುಕ್ಕರ್ನಲ್ಲಿ’ ಅಂತ ಅರ್ಕಾವೊತ್ತಾಗಿ ಕೂತುಬಿಡುತ್ತದೆ. ರ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಕನ್ನಡ ಕೀಬೋರ್ಡಿನಲ್ಲಿ ಅದು ಸಿಗದಿದ್ದರೆ ಆಂಪರ್ಸಂಡ್, ಜೆಡ್ ಡಬ್ಲ್ಯೂ ಎನ್ ಜೆ, ಸೆಮಿಕೋಲನ್ ಬರೆಯಿರಿ. ಒಬ್ಬಟ್ಟು, ಮಿಕ್ಸಿಗೆ ಇದರ ಗೊಡವೆ ಇಲ್ಲ, ಇಂಗ್ಲಿಷ್ ಪದಕ್ಕೆ ಕನ್ನಡ ವಿಭಕ್ತಿ ಅಂಟಿಸುವ ಕಡೆ ಮಾತ್ರ.

ಲಿಂಕಿಗೆ ‘ಇಲ್ಲಿ ಕ್ಲಿಕ್ ಮಾಡಿ’ ಅಂತ ಬರೆಯಬೇಡಿ, ಅಡುಗೆಯ ಹೆಸರನ್ನೇ ಲಿಂಕ್ ಮಾಡಿ. ನಲವತ್ತೂ ಒಂದೇ ಪುಟದಲ್ಲಿದ್ದರೆ ಪ್ರತಿ ಎಚ್2ಗೂ ಐಡಿ ಅಂತ ಒಂದು ಗುರುತಿನ ಹೆಸರು ಕೊಟ್ಟು ಮೇಲೆ ಪರಿವಿಡಿ ಮಾಡಿ. ಐಡಿಯನ್ನು ಕನ್ನಡದಲ್ಲೂ ಕೊಡಬಹುದು, ತಪ್ಪಲ್ಲ. ಆದರೆ ಆ ಲಿಂಕನ್ನು ನಕಲು ಮಾಡಿ ಅತ್ತಿಗೆಗೆ ಕಳಿಸಿದಾಗ ಅದು ಶೇಕಡಾ ಚಿಹ್ನೆಗಳ ಸರಪಳಿ ಆಗುತ್ತದೆ. 3 ಬೈಟ್, ಒಂದೊಂದಕ್ಕೆ ಮೂರು ಚಿಹ್ನೆ, ಹಾಗಾಗಿ ಒಂದು ಕನ್ನಡ ಅಕ್ಷರಕ್ಕೆ ಕಡಿಮೆ ಅಂದರೂ 9 ಚಿಹ್ನೆ. ತಂಬುಳಿ ಅನ್ನುವಷ್ಟಕ್ಕೇ ಲಿಂಕು ರೈಲಿನಷ್ಟು ಉದ್ದ. ಐಡಿ, ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಸಿಎಸ್‌ಎಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಕನ್ನಡಕ್ಕೆ ಒಂದು ಸಾಲು ಮಾತ್ರ ಬಿಡಲು ಆಗಲ್ಲ. ಪುಟದ ಬರಹವೆಲ್ಲ ಇರುವ ಬಾಡಿ ಟ್ಯಾಗಿಗೆ ಲೈನ್-ಹೈಟ್ (ಸಾಲಿನ ಎತ್ತರ) 1.7 ಕೊಡಿ. ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಸಾಲಿನ ಅಂತರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ. ನಮ್ಮ ಪದಗಳು ಉದ್ದ, ಫೋನಿನಲ್ಲಿ ಒಂದು ಸಾಲಿಗೆ ಮೂರು ಪದ ಬಂದರೆ ಹೆಚ್ಚು, ನಡುವೆ ಬಾವಿಯಷ್ಟು ಜಾಗ ಬಿಡುತ್ತದೆ.

ವರ್ಡ್‌ನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸುವುದಾದರೆ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಿ, ಬರಿಯ ಬರಹ ಮಾತ್ರ ಬರುತ್ತದೆ. ಸುಮ್ನೆ ಅಂಟಿಸಿದರೆ ಕೆಲವು ಕಡೆ ವರ್ಡ್‌ನ ನೂರೆಂಟು ಕಸ ಜೊತೆಗೇ ಬಂದುಬಿಡುತ್ತದೆ.

ಕೆಲಸ ಶುರು ಮಾಡುವ ಕ್ರಮ ಹೇಳಿಬಿಡುತ್ತೇನೆ. ನಲವತ್ತಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಹಾಕಿದ ಬಿ ಆರ್, ಬಿ, ಫಾಂಟ್ ಎಲ್ಲ ತೆಗೆದು ಒಂದು ಅಡುಗೆಯನ್ನು ಮೇಲೆ ಹೇಳಿದ ಹಾಗೆ ಪೂರ್ತಿ ಮಾಡಿ. ಅದನ್ನು ವೆಬ್‌ನ ಮಾನದಂಡ ನೋಡಿಕೊಳ್ಳುವ ಡಬ್ಲ್ಯೂ3ಸಿ ಸಂಸ್ಥೆಯ ವ್ಯಾಲಿಡೇಟರ್‌ಗೆ, ಅಂದರೆ ತಪ್ಪು ಹುಡುಕುವ ತಾಣಕ್ಕೆ ಕೊಡಿ, ಯಾವ ಸಾಲಿನಲ್ಲಿ ಯಾವ ಟ್ಯಾಗ್ ಮುಚ್ಚಿಲ್ಲ ಅಂತ ಸಂಖ್ಯೆ ಸಮೇತ ಹೇಳುತ್ತದೆ, ದುಡ್ಡು ಕೇಳುವುದಿಲ್ಲ. ಅದು ಸರಿಯಾದ ಮೇಲೆ ಅದನ್ನೇ ನಕಲು ಮಾಡಿಕೊಂಡು ಒಳಗಿನ ಬರಹ ಬದಲಾಯಿಸುತ್ತಾ ಹೋಗಿ. ಆ ಎರಡು ಪುಟವನ್ನು ಪರಿವರ್ತಿಸಬೇಕಾಗಿ ಬಂದರೆ ಅವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಪರಿವರ್ತಕಗಳು ಅರ್ಕಾವೊತ್ತಿನಲ್ಲಿ, ಒತ್ತಕ್ಷರದಲ್ಲಿ ಆಗಾಗ ತಪ್ಪುತ್ತವೆ, ಹಾಗಾಗಿ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಸಾಲು ಜೋರಾಗಿ ಓದಿ ತಾಳೆ ನೋಡಿ, ಬೇಕಾದರೆ ಮಗಳನ್ನು ಕೂರಿಸಿಕೊಳ್ಳಿ. ಅಳತೆಗಳನ್ನು ಎರಡು ಸಲ ನೋಡಿ.